ಇಂಜೆಕ್ಷನ್ ಆಗಿ ತಿಂಗಳು ಕಳೆದರೂ ಬಿಡದ ಕಾಲುನೋವು, ಬಿಡದೆ ಕಾಡುವ ಮೈಗ್ರೇನ್

ಪ್ರಶ್ನೆ: ನನಗೆ 36 ವರ್ಷ. ಹತ್ತು ವರ್ಷಗಳಿಂದ ಮೈಗ್ರೇನ್ ಇದೆ. ತಲೆನೋವು ಬಂದಾಗ ಎರ್ಗೋಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಸೇರಿರುವ ಮಾತ್ರೆ ನುಂಗುತ್ತೇನೆ. ತಿಂಗಳಿಗೆ 12 ದಿನವಾದರೂ ಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದಾಗ ಕ್ಲಿನಿಕ್‌ಗೆ ಹೋಗಿ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ, ತಿಂಗಳಿಗೆ ಎರಡು-ಮೂರು ಸಲ. ಐದು ವಾರಗಳ ಹಿಂದೆ ಬಲ ಪಿರ್ರೆಗೆ ಇಂಜೆಕ್ಷನ್ ಕೊಟ್ಟಾಗ ಪಾದದವರೆಗೂ ಕರೆಂಟ್ ಹೊಡೆದಂತಾಯಿತು. ಅಂದಿನಿಂದ ಮೀನಖಂಡದ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿದಂತಿದೆ, ರಾತ್ರಿ ಉರಿಯುತ್ತದೆ. ‘ತಾನಾಗಿ ಹೋಗುತ್ತೆ’ ಎಂದು ಐಬುಪ್ರೊಫೆನ್ ಬರೆದುಕೊಟ್ಟರು, ಹೆಚ್ಚುಕಡಿಮೆ ದಿನಾ ತೆಗೆದುಕೊಳ್ಳುತ್ತಿದ್ದೇನೆ. ಈ ನೋವು ಹೋಗುತ್ತದೆಯೇ? ಮತ್ತೆ ಇಂಜೆಕ್ಷನ್ ಎಂದರೆ ಭಯವಾಗುತ್ತದೆ. ಮೈಗ್ರೇನ್‌ಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ಎಲ್ಲಿ, ಹೇಗೆ ಹುಡುಕಲಿ?

ಉತ್ತರ: ಮೊದಲು ಕಾಲಿನ ವಿಷಯ, ಏಕೆಂದರೆ ಅದನ್ನು ಈ ವಾರವೇ ತೋರಿಸಬೇಕು. ಸೂಜಿ ಒಳಹೋದ ಕ್ಷಣದಲ್ಲೇ ಕಾಲುದ್ದಕ್ಕೂ ಕರೆಂಟ್ ಹೊಡೆದಂತಾದದ್ದು, ಆಮೇಲೆ ಮೀನಖಂಡದ ಹೊರಬದಿಯಲ್ಲಿ ಮತ್ತು ಪಾದದ ಮೇಲೆ ಜೋಮು ಉಳಿದದ್ದು, ರಾತ್ರಿ ಉರಿ ಬರುವುದು, ಈ ಮೂರೂ ಸೇರಿದರೆ ಅದು ಸ್ನಾಯುವಿನ ನೋವಲ್ಲ, ನರದ ನೋವು. ಪಿರ್ರೆಯ ಒಳಗೆ ಹಾದುಹೋಗುವ ಸಯಾಟಿಕ್ ನರಕ್ಕೆ ಸೂಜಿ ತಗುಲಿರಬಹುದು, ಇಲ್ಲವೇ ಔಷಧ ಅದರ ಪಕ್ಕದಲ್ಲೇ ಬಿದ್ದಿರಬಹುದು. ಡೈಕ್ಲೊಫೆನಾಕ್ ದ್ರಾವಣ ಅಂಗಾಂಶವನ್ನು ಕೆರಳಿಸುವಂಥದ್ದು. ನರದ ಪೊರೆಯ ಹತ್ತಿರ ಸುರಿದರೂ ಸಾಕು, ರಾಸಾಯನಿಕ ಗಾಯವಾಗಬಹುದು. ಸಯಾಟಿಕ್ ನರದಲ್ಲಿ ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ. ಹೊರಬದಿಯದ್ದು ಪೆರೋನಿಯಲ್ ಎಳೆ, ಇಂಥ ಗಾಯದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಅದೇ. ನಿಮಗೆ ಜೋಮು ಹಿಡಿದಿರುವ ಜಾಗ ನೇರವಾಗಿ ಅದರ ವ್ಯಾಪ್ತಿಗೆ ಸೇರಿದ್ದು.

ಪಾದವನ್ನು ಮೇಲಕ್ಕೆತ್ತುವ ಕೆಲಸವೂ ಅದೇ ಎಳೆಯದ್ದು. ಹಾಗಾಗಿ ಈಗಲೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಗೋಡೆಯ ಪಕ್ಕದಲ್ಲಿ, ಬೇಕಾದರೆ ಕೈ ಆಸರೆ ಕೊಟ್ಟುಕೊಂಡು, ಬೆರಳುಗಳನ್ನು ಎತ್ತಿ ಬರೀ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಬಲಪಾದದ ಮುಂಭಾಗ ನೆಲಕ್ಕೆ ಇಳಿಯುತ್ತದೆಯೇ ನೋಡಿ. ಆಮೇಲೆ ಕುಳಿತು ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ, ಮನೆಯವರು ಯಾರಾದರೂ ಒಂದು ಬೆರಳಿನಿಂದ ಅವನ್ನು ಕೆಳಕ್ಕೆ ಒತ್ತಲಿ. ಎಡಗಡೆಯದು ತಡೆದು ನಿಂತು ಬಲಗಡೆಯದು ಸುಲಭವಾಗಿ ಬಾಗಿದರೆ ಶಕ್ತಿ ಕುಂದಿದೆ ಎಂದರ್ಥ. ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ತಾಗಿ ಎಡವುವುದು, ಬಲಪಾದ ‘ಟಪ್’ ಎಂದು ಬೀಳುವುದು ಕೂಡ ಅದೇ ಸೂಚನೆ. ಶಕ್ತಿ ಕುಂದಿದ್ದರೆ ಎರಡು ದಿನದೊಳಗೆ ನರರೋಗ ತಜ್ಞರ ಬಳಿ ಹೋಗಿ. ಬರೀ ಜೋಮು ಮತ್ತು ಉರಿ ಇದ್ದರೆ ಒಂದು ವಾರದ ಒಳಗೆ ಹೋದರೂ ಸರಿ, ಆದರೆ ಹೋಗುವುದನ್ನು ತಪ್ಪಿಸಬೇಡಿ.

ಅಲ್ಲಿ ಸಾಮಾನ್ಯವಾಗಿ ನರದ ವಿದ್ಯುತ್ ಪರೀಕ್ಷೆ ಮಾಡುತ್ತಾರೆ, ಎನ್‌ಸಿಎಸ್ ಮತ್ತು ಇಎಂಜಿ. ಮೊದಲನೆಯದರಲ್ಲಿ ನರದ ಮೇಲೆ ಚರ್ಮದ ಹೊರಗಿನಿಂದ ಸಣ್ಣ ಕರೆಂಟ್ ಹರಿಸಿ ವೇಗ ಅಳೆಯುತ್ತಾರೆ. ಎರಡನೆಯದರಲ್ಲಿ ಸ್ನಾಯುವಿಗೆ ಸಣ್ಣ ಸೂಜಿ ಇಟ್ಟು ಅದರ ಚಟುವಟಿಕೆ ನೋಡುತ್ತಾರೆ. ಗಾಯವಾಗಿ ಎರಡು-ಮೂರು ವಾರ ಕಳೆಯುವ ತನಕ ಸ್ನಾಯುವಿನ ಬದಲಾವಣೆ ಇಎಂಜಿಯಲ್ಲಿ ಕಾಣುವುದಿಲ್ಲ. ಎಷ್ಟೋ ಜನರಿಗೆ ಮೊದಲ ವಾರದಲ್ಲೇ ಪರೀಕ್ಷೆಯಾಗಿ, ‘ನಾರ್ಮಲ್’ ಎಂದು ವರದಿ ಬಂದು, ಅಲ್ಲಿಗೇ ಕಡತ ಮುಚ್ಚಿಹೋಗುವುದು ಇದರಿಂದಲೇ. ನಿಮಗೆ ಐದು ವಾರವಾಗಿರುವುದರಿಂದ ಈಗ ಮಾಡಿಸಿದ ಪರೀಕ್ಷೆ ನಂಬಬಹುದಾದದ್ದು. ಬೆನ್ನಿನ ಡಿಸ್ಕ್ ಜಾರಿದರೂ ಕಾಲಿಗೆ ಇದೇ ರೀತಿ ಸೆಳೆತ ಬರುತ್ತದೆ. ಕೆಮ್ಮಿದಾಗ, ಬಗ್ಗಿದಾಗ ಸೊಂಟದಿಂದ ನೋವು ಇಳಿದರೆ ವೈದ್ಯರು ಅದನ್ನೂ ನೋಡಬೇಕಾಗುತ್ತದೆ. ಸೂಜಿ ಚುಚ್ಚಿದ ಕ್ಷಣಕ್ಕೇ ಶುರುವಾಯಿತು ಎಂಬ ನಿಮ್ಮ ಮಾತು ಇಲ್ಲಿ ಬಹಳ ಮುಖ್ಯ, ಅದನ್ನು ಮರೆಯದೆ ಹೇಳಿ.

ನೋವು ಹೋಗುತ್ತದೆಯೇ ಎಂದು ಕೇಳಿದ್ದೀರಿ. ನರದ ಹೊರಗಿನ ಪೊರೆಗೆ ಮಾತ್ರ ಪೆಟ್ಟಾಗಿದ್ದರೆ ಆರರಿಂದ ಹನ್ನೆರಡು ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಳಗಿನ ತಂತುಗಳೇ ತುಂಡಾಗಿದ್ದರೆ ಅವು ಗಾಯದ ಜಾಗದಿಂದ ಹೊಸದಾಗಿ ಬೆಳೆದು ಕೆಳಗಿಳಿಯಬೇಕು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ. ಪಿರ್ರೆಯಿಂದ ಪಾದದ ತನಕದ ದೂರ ನೆನೆದರೆ ಅದು ತಿಂಗಳುಗಳ ಮಾತು, ಕೆಲವೊಮ್ಮೆ ಎರಡು ವರ್ಷವೂ ಆಗುತ್ತದೆ. ಜೋಮಿನ ಗಡಿ ನಿಧಾನವಾಗಿ ಪಾದದ ಕಡೆಗೆ ಸರಿಯುತ್ತಾ ಹೋಗುವುದು ಒಳ್ಳೆಯ ಲಕ್ಷಣ. ವಾರಕ್ಕೊಮ್ಮೆ ಪೆನ್ನಿನಿಂದ ಆ ಗಡಿ ಗುರುತು ಮಾಡಿ ಫೋಟೋ ತೆಗೆದಿಡಿ. ನೆನಪಿಗಿಂತ ಫೋಟೋ ಹೆಚ್ಚು ನಿಖರ. ಪಾದದ ಶಕ್ತಿ ಪೂರ್ತಿ ಹೋಗಿದ್ದು ಮೂರರಿಂದ ಆರು ತಿಂಗಳಲ್ಲಿ ಏನೂ ಚೇತರಿಕೆ ಕಾಣದಿದ್ದರೆ ನರಗಳ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಬೇಕು. ಅದಕ್ಕಿಂತ ತಡವಾದರೆ ಸ್ನಾಯು ಸೊರಗುತ್ತಾ ಹೋಗಿ ಶಸ್ತ್ರಚಿಕಿತ್ಸೆಯ ಪ್ರಯೋಜನ ಕಡಿಮೆಯಾಗುತ್ತದೆ.

ಈಗ ನುಂಗುತ್ತಿರುವ ಐಬುಪ್ರೊಫೆನ್ ಈ ಉರಿಗೆ ಹೆಚ್ಚು ಸಹಾಯ ಮಾಡುವುದಿಲ್ಲ, ಏಕೆಂದರೆ ನರದ ನೋವು ಬಾವಿನಿಂದ ಬರುವ ನೋವಿನಂತಲ್ಲ. ಇದಕ್ಕೆ ಕೊಡುವ ಔಷಧಗಳೇ ಬೇರೆ: ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್. ಕೊನೆಯದರ ಹೆಸರನ್ನು ನಿಮ್ಮ ವೈದ್ಯರ ಮುಂದೆ ವಿಶೇಷವಾಗಿ ಎತ್ತಿ. ಅಮಿಟ್ರಿಪ್ಟಿಲಿನ್ ನರದ ನೋವಿಗೂ ಮೈಗ್ರೇನ್ ತಡೆಯುವುದಕ್ಕೂ ಎರಡಕ್ಕೂ ಬಳಕೆಯಲ್ಲಿರುವ ಔಷಧ. ರಾತ್ರಿ 10 ಮಿ.ಗ್ರಾಂನಿಂದ ಶುರುಮಾಡಿ, ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ಸಾಮಾನ್ಯವಾಗಿ 25ರಿಂದ 75 ಮಿ.ಗ್ರಾಂ ಒಳಗೆ ನಿಲ್ಲಿಸುತ್ತಾರೆ. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು, ಮಲಬದ್ಧತೆ, ತೂಕ ಏರುವುದು ಇದರ ತೊಂದರೆಗಳು. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲೇ ತೆಗೆದುಕೊಂಡರೆ ಬೆಳಗಿನ ಮಂಪರು ತಗ್ಗುತ್ತದೆ. ಹೃದಯ ಬಡಿತದ ತೊಂದರೆ ಅಥವಾ ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ದವರಿಗೆ ಇದು ಹೊಂದುವುದಿಲ್ಲ. ನಿಮಗೆ ಹೊಂದುವುದಾದರೆ ಒಂದೇ ಮಾತ್ರೆಯಲ್ಲಿ ಎರಡು ತೊಂದರೆಗೂ ಕೈಹಾಕಿದಂತಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಕಾಲು ಚಾಚಿ ಕುಳಿತು, ಪಾದದ ಮುಂಭಾಗಕ್ಕೆ ಟವಲ್ ಸುತ್ತಿ ನಿಮ್ಮ ಕಡೆಗೆ ನಿಧಾನವಾಗಿ ಎಳೆದು ಅರ್ಧ ನಿಮಿಷ ಹಿಡಿದಿಡಿ, ಹೀಗೆ ಐದು ಸಲ, ದಿನಕ್ಕೆ ಎರಡು-ಮೂರು ಬಾರಿ. ಪಾದ ಇಳಿಬಿದ್ದವರಿಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿ ಬಿಗಿದುಕೊಳ್ಳದಿರಲು ಇದು ಬೇಕೇಬೇಕು. ಜೋಮು ಹಿಡಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಪಾದವನ್ನು ಕಣ್ಣಾರೆ ನೋಡಿ, ಗಾಯ-ಗುಳ್ಳೆ ಇದೆಯೇ ಎಂದು. ನೋವಿರುವ ಪಿರ್ರೆಯನ್ನು ಬಲವಾಗಿ ತಿಕ್ಕಿಸುವುದು, ನೀವಿಸುವುದು ಬೇಡ.

ಇಂಜೆಕ್ಷನ್ ಆದ ದಿನಾಂಕ, ಔಷಧದ ಹೆಸರು, ಎಷ್ಟು ಮಿ.ಗ್ರಾಂ, ಎಷ್ಟು ಮಿ.ಲೀ., ಯಾವ ಬದಿ, ಇಷ್ಟನ್ನು ಆ ಕ್ಲಿನಿಕ್‌ನಿಂದ ಬರೆಸಿಕೊಳ್ಳಿ. ಜಗಳಕ್ಕಲ್ಲ, ಮುಂದೆ ನೋಡುವ ವೈದ್ಯರಿಗೆ ಈ ವಿವರ ಬೇಕು.

ಇಂಜೆಕ್ಷನ್ ನೋವಿನ ಬೇರೆ ಬಗೆಗಳು

ಇದೇ ತೊಂದರೆ ಎಂದುಕೊಂಡು ಓದುವ ಬೇರೆಯವರ ನೋವು ಬೇರೆ ಬಗೆಯದಿರಬಹುದು. ಯಾವಾಗ ಶುರುವಾಯಿತು ಎಂಬುದೇ ಇಲ್ಲಿ ದಾರಿ ತೋರಿಸುವುದು.

ಸ್ನಾಯುವಿಗೆ ಕೊಟ್ಟ ಯಾವ ಇಂಜೆಕ್ಷನ್ ಆದರೂ ಎರಡು-ಮೂರು ದಿನ ಒತ್ತಿದರೆ ನೋವು, ಸ್ವಲ್ಪ ಗಟ್ಟಿತನ ಇರುವುದು ಸಹಜ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು-ಹದಿನೈದು ನಿಮಿಷ ಇಡಬಹುದು. ಎರಡನೆಯ ದಿನದ ನಂತರ, ಚರ್ಮದ ಸ್ಪರ್ಶ ಚೆನ್ನಾಗಿದ್ದರೆ, ಹದವಾದ ಶಾಖ. ದಿನದಿಂದ ದಿನಕ್ಕೆ ಇಳಿಯುತ್ತಿರಬೇಕು. ಒಂದು ವಾರದ ಮೇಲೂ ನೋವಿಲ್ಲದ ಸಣ್ಣ ಗಂಟು ಉಳಿದರೆ ಹೆಚ್ಚಾಗಿ ಅದು ಸೂಜಿ ಸ್ನಾಯುವಿನ ತನಕ ತಲುಪದೆ ಔಷಧ ಕೊಬ್ಬಿನಲ್ಲೇ ಉಳಿದದ್ದರಿಂದ, ವಾರಗಳಲ್ಲಿ ಕರಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಒಳಗೆ ರಕ್ತ ಸೋರಿ ದೊಡ್ಡ ಊತವಾಗಬಹುದು, ಅಂಥವರಿಗೆ ಸ್ನಾಯುವಿಗೆ ಇಂಜೆಕ್ಷನ್ ಕೊಡುವುದನ್ನು ಆದಷ್ಟು ತಪ್ಪಿಸಬೇಕು.

ಮೊದಲೆರಡು ದಿನ ಆರಾಮವಾಗಿದ್ದು ಆಮೇಲೆ ನೋವು ಏರುತ್ತಾ, ಚರ್ಮ ಕೆಂಪಾಗಿ ಬಿಸಿಯಾಗಿ, ಜ್ವರ ಬಂದರೆ ಕೀವು ಕಟ್ಟುತ್ತಿದೆ ಎಂದು ತಿಳಿಯಿರಿ. ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಕೀವನ್ನು ಹೊರತೆಗೆಯಬೇಕು, ಬರೀ ಮಾತ್ರೆಯಿಂದ ದೊಡ್ಡ ಕೀವುಗಡ್ಡೆ ಕರಗುವುದಿಲ್ಲ. ವಾರಗಳು ಕಳೆದ ಮೇಲೆ ನಿಧಾನವಾಗಿ ಎದ್ದು, ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಜಗ್ಗದ, ಸೋರುತ್ತಲೇ ಇರುವ ಗಡ್ಡೆಯೂ ಉಂಟು. ಅದು ಕ್ಷಯದ ಜಾತಿಗೆ ಸೇರಿದ ಬೇರೆ ಬ್ಯಾಕ್ಟೀರಿಯಾಗಳಿಂದ ಬರುತ್ತದೆ. ಅಲ್ಲಿಯ ಕೀವನ್ನು ಆ ಬಗೆಯ ಸೂಕ್ಷ್ಮಾಣುಗಳಿಗೆಂದೇ ಕಲ್ಚರ್‌ಗೆ ಕಳಿಸಬೇಕು ಎಂದು ಕೇಳಿ. ಹೇಳದಿದ್ದರೆ ಪ್ರಯೋಗಾಲಯ ಮಾಮೂಲಿ ಕಲ್ಚರ್ ಮಾಡಿ ‘ಏನೂ ಬೆಳೆಯಲಿಲ್ಲ’ ಎಂದು ವರದಿ ಕೊಡುತ್ತದೆ.

ಎಲ್ಲಕ್ಕಿಂತ ತುರ್ತಾದದ್ದು ನಿಕೊಲಾ ಸಿಂಡ್ರೋಮ್. ಅಪರೂಪ, ಆದರೆ ಡೈಕ್ಲೊಫೆನಾಕ್ ಇಂಜೆಕ್ಷನ್‌ನ ನಂತರ ಆಗುವುದು ದಾಖಲಾಗಿದೆ. ಚುಚ್ಚಿದ ಕೂಡಲೇ ತಡೆಯಲಾರದ ನೋವು, ಸುತ್ತಲಿನ ಚರ್ಮ ಬಿಳಿಚಿಕೊಂಡು, ಆಮೇಲೆ ನೀಲಿ-ನೇರಳೆ ಬಣ್ಣದ ಬಲೆಯಂಥ ಗೆರೆಗಳು. ರಕ್ತ ಪೂರೈಕೆ ನಿಂತು ಚರ್ಮ, ಸ್ನಾಯು ಕೊಳೆಯುವ ಮುನ್ನ, ಅದೇ ದಿನ ಆಸ್ಪತ್ರೆ ಸೇರಬೇಕು. ಐಸ್ ಇಡಬೇಡಿ, ರಕ್ತನಾಳ ಇನ್ನಷ್ಟು ಕುಗ್ಗುತ್ತದೆ.

ತೋಳಿಗೆ ಹಾಕಿಸಿಕೊಂಡವರಿಗೆ ಎರಡು ದಿನದೊಳಗೆ ಭುಜದಲ್ಲಿ ನೋವು ಶುರುವಾಗಿ, ಕೈ ಮೇಲೆತ್ತಲಾಗದೆ ವಾರಗಟ್ಟಲೆ ಉಳಿದರೆ, ಸೂಜಿ ಬಹಳ ಮೇಲಕ್ಕೆ, ಭುಜದ ಕೀಲಿನ ಚೀಲಕ್ಕೇ ಹೋಗಿರಬಹುದು. ಭುಜದ ತುದಿಯ ಮೂಳೆಯಿಂದ ಎರಡು-ಮೂರು ಬೆರಳು ಕೆಳಗೆ ಚುಚ್ಚಬೇಕು. ಇದಕ್ಕೆ ಮೂಳೆ-ಕೀಲು ತಜ್ಞರನ್ನು ಕಾಣಿ. ವ್ಯಾಯಾಮ ತಡಮಾಡಿದರೆ ಭುಜ ಬಿಗಿದುಹೋಗುತ್ತದೆ.

ಇನ್ನೊಂದು ಮಾತು. ಮೈಗ್ರೇನ್‌ಗೆ ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್ ಅಥವಾ ಪ್ರೊಕ್ಲೋರ್‌ಪೆರಜಿನ್ ಇಂಜೆಕ್ಷನ್ ಕೊಟ್ಟ ಮೇಲೆ ಕುಳಿತಲ್ಲಿ ಕೂರಲಾಗದ ಚಡಪಡಿಕೆ, ದವಡೆ ಅಥವಾ ಕತ್ತು ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಆದರೆ ಅದು ಔಷಧದ ಪರಿಣಾಮ, ಆತಂಕದ ಕಾಯಿಲೆಯಲ್ಲ. ಮದ್ದು ಕೊಟ್ಟರೆ ಬೇಗ ಇಳಿಯುತ್ತದೆ. ಮುಂದಿನ ಸಲಕ್ಕೆ ಆ ಔಷಧದ ಹೆಸರು ನಿಮ್ಮ ಚೀಟಿಯಲ್ಲಿ ಇರಬೇಕು.

ಇಂಜೆಕ್ಷನ್ ಯಾಕೆ ಬೇಕಾಗುತ್ತಿದೆ

ಈಗ ಮೈಗ್ರೇನ್‌ಗೆ ಬರೋಣ. ನನ್ನ ದೃಷ್ಟಿಯಲ್ಲಿ ನಿಮ್ಮ ನಿಜವಾದ ತೊಂದರೆ ಇಲ್ಲೇ ಇರುವುದು. ತಿಂಗಳಿಗೆ ಎರಡು-ಮೂರು ಸಲ ಇಂಜೆಕ್ಷನ್ ಬೇಕಾಗುತ್ತಿದೆ ಎಂದರೆ ನಿಮ್ಮ ಮೈಗ್ರೇನ್ ಹಠಮಾರಿ ಎಂದಲ್ಲ, ಅದಕ್ಕೆ ಸಿಗಬೇಕಾದ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ ಎಂದು. ಇಂಜೆಕ್ಷನ್ ಒಂದು ದಿನದ ನೋವನ್ನು ಇಳಿಸುತ್ತದೆ. ಮುಂದಿನ ವಾರದ ನೋವನ್ನು ತಡೆಯುವುದಿಲ್ಲ.

ಒಂದು ಲೆಕ್ಕ ನೋಡಿ. ಎರ್ಗೋಟಮಿನ್, ಟ್ರಿಪ್ಟಾನ್ (ಮೈಗ್ರೇನ್ ದಾಳಿಗೆಂದೇ ಇರುವ ಔಷಧ), ಓಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಔಷಧ) ಮತ್ತು ಹಲವು ಔಷಧ ಬೆರೆಸಿದ ಮಾತ್ರೆಗಳನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ನೋವಿನ ಮಾತ್ರೆಗಳನ್ನು 15 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಗಳೇ ತಲೆನೋವನ್ನು ಹೆಚ್ಚಿಸತೊಡಗುತ್ತವೆ. ನೀವು ತಲೆನೋವಿನ ಮಾತ್ರೆಯಲ್ಲೇ 12 ದಿನ ದಾಟಿದ್ದೀರಿ. ಇಂಜೆಕ್ಷನ್ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಅದರ ಮೇಲೆ ಕಾಲಿಗೆಂದು ದಿನಾ ಐಬುಪ್ರೊಫೆನ್. ಯಾವ ನೋವಿಗಾಗಿ ನುಂಗಿದಿರಿ ಎಂಬುದು ಮಿದುಳಿಗೆ ಗೊತ್ತಾಗುವುದಿಲ್ಲ. ಕಾಲಿಗೆ ನುಂಗಿದ್ದೂ ತಲೆಗೆ ಎಣಿಕೆಯಾಗುತ್ತದೆ. ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡ ದಿನ ಐಬುಪ್ರೊಫೆನ್ ಕೂಡ ತೆಗೆದುಕೊಂಡರೆ ಹೊಟ್ಟೆಯ ಹುಣ್ಣು ಮತ್ತು ಮೂತ್ರಪಿಂಡದ ಅಪಾಯ ಎರಡೂ ಏರುತ್ತವೆ. ಹಾಗಾಗಿ ಮೊದಲ ಹೆಜ್ಜೆ, ವೈದ್ಯರಿಗೆ ತಿಳಿಸಿ ಆ ಐಬುಪ್ರೊಫೆನ್ ನಿಲ್ಲಿಸಿ ನರದ ನೋವಿನ ಔಷಧಕ್ಕೆ ಬದಲಿಸಿಕೊಳ್ಳುವುದು.

ಮಾತ್ರೆ ಕಡಿಮೆ ಮಾಡಿದಾಗ ಎರಡರಿಂದ ಹತ್ತು ದಿನ ತಲೆನೋವು ಹೆಚ್ಚಾಗಿ, ವಾಂತಿ, ನಿದ್ರೆಗೇಡು ಆಗಬಹುದು, ಆಮೇಲೆ ಇಳಿಯುತ್ತದೆ. ಇದನ್ನು ಮೊದಲೇ ಹೇಳದೆ ‘ಮಾತ್ರೆ ಬಿಡಿ’ ಎಂದು ಕಳಿಸಿದರೆ ಯಾರಿಂದಲೂ ಬಿಡಲಾಗದು. ರಜೆ ಹಾಕಲು ಆಗುವ ವಾರ ಆರಿಸಿಕೊಳ್ಳಿ, ತಡೆಯುವ ಔಷಧ ಅದೇ ಹೊತ್ತಿಗೆ ಶುರುವಾಗಲಿ. ಟ್ರಮಡಾಲ್‌ನಂಥ ಓಪಿಯಾಯ್ಡ್ ಅಥವಾ ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸಬೇಕು.

ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಬರೆದಿದ್ದೀರಿ. ಯಾವಾಗ ನುಂಗುತ್ತೀರಿ? ಮೈಗ್ರೇನ್ ಏರಿದ ಮೇಲೆ ಹೊಟ್ಟೆಯ ಚಲನೆಯೇ ನಿಧಾನವಾಗುತ್ತದೆ; ಮಾತ್ರೆ ಗಂಟೆಗಟ್ಟಲೆ ಜಠರದಲ್ಲೇ ಕೂರುತ್ತದೆ. ‘ಸ್ವಲ್ಪ ನೋಡೋಣ’ ಎಂದು ಕಾದು, ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಸೋಲುವುದು ಹೀಗೆ. ನೋವು ಸಣ್ಣದಿರುವಾಗಲೇ, ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು: ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದ ವಯಸ್ಕರಿಗೆ ನ್ಯಾಪ್ರೊಕ್ಸೆನ್ 500 ಮಿ.ಗ್ರಾಂ ಅಥವಾ ಐಬುಪ್ರೊಫೆನ್ 400 ಮಿ.ಗ್ರಾಂ, ಜೊತೆಗೆ ಮೆಟೊಕ್ಲೊಪ್ರಮೈಡ್ ಅಥವಾ ಡೊಂಪೆರಿಡೋನ್ 10 ಮಿ.ಗ್ರಾಂ. ವಾಂತಿ ಇಲ್ಲದಿದ್ದರೂ ಇದನ್ನು ಸೇರಿಸುವುದರಲ್ಲಿ ಅರ್ಥವಿದೆ, ಹೊಟ್ಟೆಯನ್ನು ಮುಂದಕ್ಕೆ ತಳ್ಳಿ ನೋವಿನ ಮಾತ್ರೆ ಕರುಳಿಗೆ ತಲುಪುವಂತೆ ಮಾಡುತ್ತದೆ.

ಅದು ಸಾಲದಿದ್ದರೆ ಟ್ರಿಪ್ಟಾನ್. ಸುಮಟ್ರಿಪ್ಟಾನ್ 50 ಅಥವಾ 100 ಮಿ.ಗ್ರಾಂ, ರಿಜಟ್ರಿಪ್ಟಾನ್ 10 ಮಿ.ಗ್ರಾಂ, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ರಿಜಟ್ರಿಪ್ಟಾನ್ 5 ಮಿ.ಗ್ರಾಂ ಸಾಕು. ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ, ಹತೋಟಿಗೆ ಬಾರದ ರಕ್ತದೊತ್ತಡದವರಿಗೆ ಕೊಡುವಂತಿಲ್ಲ. ನಿಮಗೆ ಇಲ್ಲೊಂದು ಎಚ್ಚರಿಕೆ ಬೇಕು. ಎರ್ಗೋಟಮಿನ್ ಇರುವ ಮಾತ್ರೆ ಮತ್ತು ಟ್ರಿಪ್ಟಾನ್ ನಡುವೆ 24 ಗಂಟೆ ಅಂತರ ಇರಲೇಬೇಕು, ಎರಡೂ ರಕ್ತನಾಳವನ್ನು ಕುಗ್ಗಿಸುತ್ತವೆ. ಟ್ರಿಪ್ಟಾನ್ ಶುರುಮಾಡಿದರೆ ಹಳೆಯ ಮಾತ್ರೆಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಒಂದು ಟ್ರಿಪ್ಟಾನ್ ಒಂದೇ ಸಲ ಸೋತರೆ ಬಿಡಬೇಡಿ. ಮೂರು ದಾಳಿಗಳಲ್ಲಿ ನೋಡಿ, ಆಗಲೂ ಸೋತರೆ ಬೇರೆ ಟ್ರಿಪ್ಟಾನ್ ಹಿಡಿಯಬಹುದು. ನಾಲಿಗೆಯ ಮೇಲೆ ಕರಗುವ ಮಾತ್ರೆ ಬೇಗ ಕೆಲಸ ಮಾಡುತ್ತದೆ ಎಂಬ ನಂಬಿಕೆ ತಪ್ಪು. ಅದೂ ಕರುಳಿನಿಂದಲೇ ಹೀರಿಕೆಯಾಗಬೇಕು, ನೀರಿಲ್ಲದೆ ನುಂಗಬಹುದು ಎಂಬುದಷ್ಟೇ ಅನುಕೂಲ. ನಿದ್ದೆಯಿಂದ ಏಳುವಾಗಲೇ ನೋವು ಉತ್ತುಂಗದಲ್ಲಿರುವವರಿಗೆ, ಬೇಗ ವಾಂತಿಯಾಗುವವರಿಗೆ ಮೂಗಿಗೆ ಸಿಂಪಡಿಸುವ ಟ್ರಿಪ್ಟಾನ್ ಅಥವಾ ಸುಮಟ್ರಿಪ್ಟಾನ್ 6 ಮಿ.ಗ್ರಾಂ ಇಂಜೆಕ್ಷನ್ ಉತ್ತಮ. ಈ ಇಂಜೆಕ್ಷನ್ ಚರ್ಮದಡಿಗೆ, ತೊಡೆಯ ಮೇಲೆ, ಸಣ್ಣ ಸೂಜಿಯಿಂದ ನೀವೇ ಹಾಕಿಕೊಳ್ಳುವಂಥದ್ದು. ಸಯಾಟಿಕ್ ನರ ಅಲ್ಲಿ ಇಲ್ಲವೇ ಇಲ್ಲ. ಟ್ರಿಪ್ಟಾನ್ ಆಗದವರಿಗೆ ರಿಮೆಜೆಪಾಂಟ್‌ನಂಥ ಹೊಸ ಮಾತ್ರೆಗಳಿವೆ, ಅವು ರಕ್ತನಾಳ ಕುಗ್ಗಿಸುವುದಿಲ್ಲ.

ತಡೆಯುವ ಔಷಧ, ಅದು ಸೋಲುವ ಬಗೆ

ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದದ್ದು ಹತ್ತು ವರ್ಷಗಳಲ್ಲಿ ತಡೆಯುವ ಔಷಧದ ಹೆಸರೇ ಇಲ್ಲದಿರುವುದು. ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಮೈಗ್ರೇನ್ ಬಂದು ಬದುಕು ಅಸ್ತವ್ಯಸ್ತವಾಗುತ್ತಿದ್ದರೆ ದಿನನಿತ್ಯದ ತಡೆ ಔಷಧದ ಮಾತು ಬರಲೇಬೇಕು. ಅಮಿಟ್ರಿಪ್ಟಿಲಿನ್ ಅಲ್ಲದೆ ಪ್ರೊಪ್ರನೊಲಾಲ್ ದಿನಕ್ಕೆ 80ರಿಂದ 160 ಮಿ.ಗ್ರಾಂ (ಆಸ್ತಮಾ ಇದ್ದರೆ ಬೇಡ), ಕ್ಯಾಂಡೆಸಾರ್ಟನ್ 16 ಮಿ.ಗ್ರಾಂ, ಫ್ಲುನರಿಜಿನ್ ರಾತ್ರಿ 5ರಿಂದ 10 ಮಿ.ಗ್ರಾಂ (ತೂಕ ಏರಬಹುದು, ಖಿನ್ನತೆ ಇದ್ದವರಿಗೆ ಬೇಡ), ಟೊಪಿರಮೇಟ್ 25ರಿಂದ ನಿಧಾನವಾಗಿ 100 ಮಿ.ಗ್ರಾಂ ತನಕ. ಟೊಪಿರಮೇಟ್‌ನಿಂದ ಬೆರಳು ಚುಮುಚುಮು ಎನ್ನುವುದು, ಮಾತಿನ ನಡುವೆ ಪದ ತೋಚದಿರುವುದು, ಮೂತ್ರಪಿಂಡದ ಕಲ್ಲು ಆಗಬಹುದು. ಮೈಗ್ರೇನ್ ತಡೆಗೆ ಕೊಡುವ ಇನ್ನೊಂದು ಔಷಧ ವಾಲ್‌ಪ್ರೊಯೇಟ್, ಗರ್ಭ ನಿಲ್ಲುವ ಸಾಧ್ಯತೆ ಇರುವ ಮಹಿಳೆಯರಿಗೆ ಅದು ಬೇಡವೇ ಬೇಡ, ಟೊಪಿರಮೇಟ್ ಕೊಡುವುದಾದರೆ ನಂಬಿಕಸ್ತ ಗರ್ಭನಿರೋಧ ಇರಲೇಬೇಕು. ಕ್ಯಾಂಡೆಸಾರ್ಟನ್ ಕೂಡ ಗರ್ಭಕ್ಕೆ ಹಾನಿ. ಮಗುವಿನ ಯೋಚನೆ ಇದ್ದರೆ ವೈದ್ಯರು ಕೇಳುವ ಮುನ್ನ ನೀವೇ ಹೇಳಿ.

ತಡೆ ಔಷಧಗಳು ಸೋಲುವುದು ಬಹಳ ಸಲ ಔಷಧದ ತಪ್ಪಿನಿಂದಲ್ಲ. ಪ್ರೊಪ್ರನೊಲಾಲ್ 20 ಮಿ.ಗ್ರಾಂ ಎರಡು ವಾರ ನುಂಗಿ ‘ಪ್ರಯೋಜನವಿಲ್ಲ’ ಎಂದು ಬಿಟ್ಟರೆ ಅದು ಪ್ರಯತ್ನವೇ ಅಲ್ಲ. ಸರಿಯಾದ ಪ್ರಮಾಣಕ್ಕೆ ಏರಿದ ಮೇಲೆ 8ರಿಂದ 12 ವಾರ ನೋಡಬೇಕು. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದರೆ ಗೆದ್ದಂತೆ. ಪೂರ್ತಿ ಮಾಯವಾಗಲಿಲ್ಲ ಎಂದು ಅರ್ಧ ದಾರಿಯಲ್ಲಿ ಬದಲಿಸಬೇಡಿ.

ಇಂಥ ಎರಡು-ಮೂರು ಪ್ರಯತ್ನ ಸರಿಯಾಗಿ ಮಾಡಿಯೂ ಸೋತರೆ ಸಿಜಿಆರ್‌ಪಿ (ಮೈಗ್ರೇನ್ ನೋವಿಗೆ ಕಾರಣವಾಗುವ, ದೇಹದಲ್ಲೇ ಇರುವ ಒಂದು ರಾಸಾಯನಿಕ) ತಡೆಯುವ ಇಂಜೆಕ್ಷನ್‌ಗಳಿವೆ. ಎರೆನುಮ್ಯಾಬ್, ಫ್ರೆಮನೆಜುಮ್ಯಾಬ್, ಗಲ್ಕನೆಜುಮ್ಯಾಬ್, ಸಾಮಾನ್ಯವಾಗಿ ತಿಂಗಳಿಗೊಮ್ಮೆ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿದ್ದರೆ ಬೊಟಾಕ್ಸ್ ಕೂಡ ಒಂದು ದಾರಿ: ಹಣೆ, ಕಪಾಲದ ಪಕ್ಕ, ತಲೆಯ ಹಿಂಭಾಗ, ಕತ್ತು, ಭುಜ ಸೇರಿ 31 ಕಡೆ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ‘ಇಂಜೆಕ್ಷನ್’ ಎಂಬ ಹೆಸರು ಕೇಳಿಯೇ ಇವನ್ನು ತಳ್ಳಿಹಾಕಬೇಡಿ. ಸಿಜಿಆರ್‌ಪಿ ಔಷಧ ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ ಹೋಗುತ್ತದೆ, ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ಬೊಟಾಕ್ಸ್‌ಗೆ ಕೂದಲೆಳೆಯಂಥ ಸೂಜಿ. ಆಮೇಲೆ ಕೆಲವು ದಿನ ಕತ್ತು ನೋಯಬಹುದು, ಅಪರೂಪಕ್ಕೆ ರೆಪ್ಪೆ ಸ್ವಲ್ಪ ಇಳಿಯಬಹುದು, ತಾನಾಗಿ ಸರಿಹೋಗುತ್ತದೆ.

ಸರಿಯಾದ ವೈದ್ಯರನ್ನು ಗುರುತಿಸುವುದು

ದೊಡ್ಡ ಫಲಕ ನೋಡಿ ಹುಡುಕಬೇಡಿ, ಅವರು ಕೇಳುವ ಪ್ರಶ್ನೆಗಳನ್ನು ನೋಡಿ. ತಿಂಗಳಲ್ಲಿ ಎಷ್ಟು ದಿನ ತಲೆನೋವು, ಎಷ್ಟು ದಿನ ಮಾತ್ರೆ ಎಂದು ಕೇಳುತ್ತಾರೆಯೇ? ರಕ್ತದೊತ್ತಡ ಅಳೆದು, ಕಣ್ಣಿನ ಹಿಂಭಾಗ ನೋಡಿ, ಕೈಕಾಲಿನ ಶಕ್ತಿ ಪರೀಕ್ಷಿಸುತ್ತಾರೆಯೇ? ದಾಳಿಗೆ ಒಂದು, ತಡೆಯುವುದಕ್ಕೆ ಒಂದು, ಹೀಗೆ ಎರಡು ಔಷಧ ಬೇರೆಬೇರೆಯಾಗಿ ಹೇಳಿ, ಮೊದಲನೆಯದನ್ನು ವಾರಕ್ಕೆ ಎರಡು ದಿನ ಮೀರಬೇಡಿ ಎಂದು ಮಿತಿ ಹಾಕುತ್ತಾರೆಯೇ? ಎರಡು-ಮೂರು ತಿಂಗಳಿಗೆ ಮತ್ತೆ ಬರಲು ದಿನಾಂಕ ಕೊಡುತ್ತಾರೆಯೇ? ಇಷ್ಟು ಮಾಡುವ ಕುಟುಂಬ ವೈದ್ಯರು ಸಿಕ್ಕರೆ ಅವರೇ ಸಾಕು, ಎಲ್ಲರಿಗೂ ನರರೋಗ ತಜ್ಞರು ಬೇಕಿಲ್ಲ. ನಿಮಗೆ ಕಾಲಿನ ಕಾರಣಕ್ಕೆ ಹೇಗೂ ತಜ್ಞರನ್ನು ಕಾಣಬೇಕಾಗಿದೆ, ಅದೇ ಭೇಟಿಯಲ್ಲಿ ಎರಡನ್ನೂ ಇಡಿ. ಪ್ರತಿ ಸಲ ಸ್ಕ್ಯಾನ್, ಪ್ರತಿ ಸಲ ಇಂಜೆಕ್ಷನ್, ಮೈಗ್ರೇನ್‌ಗೆ ಟ್ರಮಡಾಲ್, ಇವೇ ನಡೆಯುತ್ತಿದ್ದರೆ ಬೇರೆಯವರನ್ನು ನೋಡಿ. ಮಾಮೂಲಿ ಲಕ್ಷಣಗಳ ಮೈಗ್ರೇನ್ ಇದ್ದು ಪರೀಕ್ಷೆಯಲ್ಲಿ ನರಗಳು ಸರಿಯಿದ್ದರೆ ಎಂಆರ್‌ಐ ಬೇಕಾಗುವುದಿಲ್ಲ. ಆದರೆ ಕ್ಷಣದಲ್ಲಿ ಸಿಡಿಲಿನಂತೆ ಎರಗುವ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿತ, ಹೊಸದಾಗಿ ಕೈಕಾಲು ಸೋಲುವುದು ಅಥವಾ ಮಾತು ತೊದಲುವುದು, 50 ದಾಟಿದ ಮೇಲೆ ಮೊದಲ ಬಾರಿ ಬಂದ ತಲೆನೋವು, ಗರ್ಭಿಣಿ ಅಥವಾ ಬಾಣಂತಿಯಲ್ಲಿ ಹೊಸ ತಲೆನೋವು, ಇವು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದವು.

ಭೇಟಿಗೆ ಹೋಗುವ ಮುನ್ನ ನಾಲ್ಕು ವಾರದ ಪಟ್ಟಿ ಇದ್ದರೆ ಒಳ್ಳೆಯದು, ಆದರೆ ಕಾಲಿಗಾಗಿ ಈಗಲೇ ಹೋಗಬೇಕಿರುವುದರಿಂದ ನೆನಪಿದ್ದಷ್ಟು ಬರೆದುಕೊಂಡು ಹೋಗಿ, ಇಂದಿನಿಂದ ಪಟ್ಟಿ ಶುರುಮಾಡಿ. ದಿನಕ್ಕೆ ಒಂದು ಸಾಲು: ನೋವು ಇತ್ತೇ, 10ಕ್ಕೆ ಎಷ್ಟು, ಯಾವ ಮಾತ್ರೆ, ನೋವು ಶುರುವಾಗಿ ಎಷ್ಟು ಹೊತ್ತಿಗೆ ನುಂಗಿದಿರಿ, ಎರಡು ಗಂಟೆಯ ಮೇಲೆ ಹೇಗಿತ್ತು, ಮುಟ್ಟಿನ ದಿನವೇ. ಸಣ್ಣ ತಲೆನೋವಿನ ದಿನಗಳನ್ನೂ ಬರೆಯಿರಿ. ಜನ ಬಿಡುವುದು ಅವನ್ನೇ, ಎಂಟು ದಿನದ ಮೈಗ್ರೇನೋ ಹದಿನೆಂಟು ದಿನದ್ದೋ ಎಂದು ತೀರ್ಮಾನವಾಗುವುದೂ ಅವುಗಳಿಂದಲೇ. ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಬಂದು ಆಮೇಲೆ ತಲೆನೋವು ಬರುತ್ತಿದ್ದರೆ ಹೇಳಿ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಕೂತ ಕೂಡಲೇ ಹೇಳಬೇಕಾದ್ದು ಇಷ್ಟು: “ತಿಂಗಳಿಗೆ ಇಷ್ಟು ದಿನ ತಲೆನೋವು, 12 ದಿನ ಎರ್ಗೋಟಮಿನ್ ಮಾತ್ರೆ, ಎರಡು-ಮೂರು ಇಂಜೆಕ್ಷನ್. ತಡೆಯುವ ಔಷಧ ಇದುವರೆಗೆ ತೆಗೆದುಕೊಂಡಿಲ್ಲ. ಕೊನೆಯ ಇಂಜೆಕ್ಷನ್‌ನಿಂದ ಬಲಗಾಲಿನಲ್ಲಿ ಜೋಮು ಉಳಿದಿದೆ.”

ತಡೆ ಔಷಧ ಹಿಡಿತಕ್ಕೆ ಬರುವ ಮೊದಲೇ ಜೋರಾದ ದಾಳಿ ಬಂದು ಮತ್ತೆ ಕ್ಲಿನಿಕ್‌ಗೆ ಹೋಗಬೇಕಾಗಬಹುದು. ಆಗ ಹೇಗೆ ನಡೆದುಕೊಳ್ಳಬೇಕು ಎಂದು ಗೊತ್ತಿರಲಿ. ರಕ್ತನಾಳದ ಮೂಲಕ ಕೊಡುವ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ. ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರೆ ಮೈಗ್ರೇನ್‌ಗೆ ಚೆನ್ನಾಗಿ ಕೆಲಸ ಮಾಡುತ್ತವೆ, ಪಿರ್ರೆಯ ತಂಟೆಯೇ ಇಲ್ಲ. ಸ್ನಾಯುವಿಗೇ ಕೊಡಬೇಕೆಂದರೆ ಬಲಬದಿ ಬೇಡ ಎನ್ನಿ. ಪಿರ್ರೆಯ ಹಿಂಭಾಗಕ್ಕಿಂತ ಸೊಂಟದ ಪಕ್ಕದ ಜಾಗ ಸುರಕ್ಷಿತ: ತೊಡೆಯ ಮೇಲ್ತುದಿಯಲ್ಲಿ ಹೊರಗಡೆ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ಅಂಗೈ ಇಟ್ಟು, ತೋರುಬೆರಳನ್ನು ಸೊಂಟದ ಮೂಳೆಯ ಮುಂದಿನ ಮೊನೆಗೆ, ನಡುಬೆರಳನ್ನು ಹಿಂದಕ್ಕೆ ಸೊಂಟದ ಅಂಚಿನತ್ತ ಅಗಲಿಸಿದರೆ ಎರಡರ ನಡುವೆ ಸಿಗುವ ತ್ರಿಕೋನ ಅದು. ದೊಡ್ಡ ನರ, ದೊಡ್ಡ ರಕ್ತನಾಳ ಅಲ್ಲಿಲ್ಲ. ನಿಂತುಕೊಂಡು ಚುಚ್ಚಿಸಿಕೊಳ್ಳಬೇಡಿ, ಪಕ್ಕಕ್ಕೆ ಮಲಗಿ ಮೇಲಿನ ಮಂಡಿ ಸ್ವಲ್ಪ ಮಡಿಚಿದರೆ ಸ್ನಾಯು ಸಡಿಲವಾಗುತ್ತದೆ. ಸೂಜಿ ಒಳಹೋದಾಗ ಕಾಲಿಗೆ ಮಿಂಚಿದಂತಾದರೆ ತಡೆದುಕೊಳ್ಳಬೇಡಿ, “ನಿಲ್ಲಿಸಿ, ತೆಗೆಯಿರಿ” ಎಂದು ಗಟ್ಟಿಯಾಗಿ ಹೇಳಿ. ಔಷಧ ಒತ್ತುವ ಮೊದಲು ಸೂಜಿ ಹೊರಬಂದರೆ ನರಕ್ಕಾಗುವ ಗಾಯ ಬಹಳಷ್ಟು ಕಡಿಮೆ.